ಪೈಲಟ್ ತರಬೇತಿ: ಶಾಲೆಗೆ ರೊಕ್ಕ ಕಟ್ಟುವ ಮೊದಲು ಮಾಡಬೇಕಾದ ಕೆಲಸ, ಹಾಕಬೇಕಾದ ಲೆಕ್ಕ

ದ್ವಿತೀಯ ಪಿಯುಸಿ ಫಲಿತಾಂಶ ಬಂದರೆ ಸಾಕು, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: "ಮಗ ಸೈನ್ಸ್ ಮುಗಿಸಿದ್ದಾನೆ, ಮಗಳಿಗೆ ಪೈಲಟ್ ಆಗುವ ಆಸೆ ಇದೆ, ಯಾವ ಶಾಲೆಗೆ ಸೇರಿಸೋಣ?" ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲೇ ತರಬೇತಿ ವಿಮಾನಗಳು ಹಾರುವುದನ್ನು ನೋಡುತ್ತಿರುವುದರಿಂದ ಈ ಪ್ರಶ್ನೆ ಈಗ ಇನ್ನೂ ಹೆಚ್ಚಾಗಿದೆ. ಆದರೆ ಶಾಲೆ ಯಾವುದು ಎಂಬುದು ನಾಲ್ಕನೆಯ ಪ್ರಶ್ನೆ. ಅದನ್ನೇ ಮೊದಲು ಕೇಳಿದವರು ಲಕ್ಷಗಟ್ಟಲೆ ಕಟ್ಟಿ, ಆಮೇಲೆ ಕಣ್ಣಿನ ಪರೀಕ್ಷೆಯಲ್ಲೋ ಅಂಕಪಟ್ಟಿಯ ಹೆಸರಿನಲ್ಲೋ ಸಿಕ್ಕಿಬೀಳುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ದೊಡ್ಡ ಮೊತ್ತ ನಿಮ್ಮ ಖಾತೆಯಿಂದ ಹೊರಡುವುದು ಕೊನೆಗೆ.

ಮೊದಲು ಎರಡು ಪದ ತಿಳಿದಿರಲಿ. ಡಿಜಿಸಿಎ ಎಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಲೈಸೆನ್ಸ್ ಕೊಡುವುದು, ಶಾಲೆಗಳಿಗೆ ಅನುಮತಿ ಕೊಡುವುದು, ಪರೀಕ್ಷೆ ನಡೆಸುವುದು ಎಲ್ಲ ಇದೇ ಕಚೇರಿ. ಸಿಪಿಎಲ್ ಎಂದರೆ ವಾಣಿಜ್ಯ ಪೈಲಟ್ ಲೈಸೆನ್ಸ್. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕನಿಷ್ಠ ಪರವಾನಗಿ. ನೀವು ಸೇರುವ ಯಾವ ಕೋರ್ಸ್ ಆದರೂ ಕೊನೆಗೆ ಸಿಪಿಎಲ್ ಕೈಗೆ ಕೊಡದಿದ್ದರೆ ಅದು ಪೈಲಟ್ ಕೋರ್ಸ್ ಆಗಲಾರದು. ಬಿಎಸ್‌ಸಿ ಏವಿಯೇಷನ್, ಬಿಬಿಎ ಏವಿಯೇಷನ್, ಏರೋನಾಟಿಕಲ್ ಎಂಜಿನಿಯರಿಂಗ್ ಇವೆಲ್ಲ ಪದವಿಗಳು. ಅವುಗಳಿಂದ ಬೇರೆ ಉಪಯೋಗ ಇರಬಹುದು, ಆದರೆ ಸಿಪಿಎಲ್‌ಗೆ ಪದವಿಯೇ ಬೇಕಿಲ್ಲ.

1. ಅರ್ಹತೆ ಮತ್ತು ಹೆಸರಿನ ತೊಡಕು

ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿ ಪಾಸಾಗಿರಬೇಕು. ಸಿಪಿಎಲ್ ಕೈಗೆ ಬರುವ ಹೊತ್ತಿಗೆ 18 ವರ್ಷ ತುಂಬಿರಬೇಕು. ಕಲಿಯುವವರ ಲೈಸೆನ್ಸ್, ಅಂದರೆ ಎಸ್‌ಪಿಎಲ್, 16ಕ್ಕೇ ಸಿಗುತ್ತದೆ. ಕಾಮರ್ಸ್, ಆರ್ಟ್ಸ್ ಓದಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಭೌತಶಾಸ್ತ್ರ, ಗಣಿತ ಎರಡನ್ನೇ ಬರೆದು ಪಾಸು ಮಾಡಿಕೊಳ್ಳಬಹುದು. ಈ ನಿಯಮ ಸಡಿಲಿಸುವ ಮಾತು ನಡೆದಿದೆ. ಮಾತು ಅಧಿಸೂಚನೆ ಆಗುವವರೆಗೆ ಅದನ್ನು ನಂಬಿ ಕೂಡಬೇಡಿ.

ನಮ್ಮ ಭಾಗದವರು ಹೆಚ್ಚು ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜತೆ ಬರೀ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು ನಡುವೆ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಮೊದಲು. ಹೀಗೆ ಮೂರು ಕಾಗದದಲ್ಲಿ ಮೂರು ಥರ ಇದ್ದರೆ ಡಿಜಿಸಿಎ ಅರ್ಜಿ ವಾಪಸ್ ಬರುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಶಾಲೆಯ ಮೂಲಕ ಮಂಡಳಿಗೆ ತಿದ್ದುಪಡಿ ಅರ್ಜಿ ಹಾಕಿ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಫಲಿತಾಂಶಕ್ಕೆ ಕಾಯದೆ ಪಿಯುಸಿ ಓದುವಾಗಲೇ ಶುರುಮಾಡಿ.

ಅಂಕಪಟ್ಟಿ ನಿಜವೆಂದು ಮಂಡಳಿ ದೃಢೀಕರಿಸಿದ ಮೇಲಷ್ಟೇ ಡಿಜಿಸಿಎ ನಿಮಗೆ "ಕಂಪ್ಯೂಟರ್ ನಂಬರ್" ಕೊಡುತ್ತದೆ. ಪರೀಕ್ಷೆಗೆ ಕೂಡಲು ಬೇಕಾದ ಶಾಶ್ವತ ನೋಂದಣಿ ಸಂಖ್ಯೆ ಅದು. 2011ರಲ್ಲಿ ನಕಲಿ ಅಂಕಪಟ್ಟಿ ತೋರಿಸಿ ಲೈಸೆನ್ಸ್ ಪಡೆದವರು ಸಿಕ್ಕಿಬಿದ್ದ ಪ್ರಕರಣ ಓದಿರುತ್ತೀರಿ. ಅಂಕಪಟ್ಟಿ "ಮಾಡಿಸಿಕೊಡುವ" ದಲ್ಲಾಳಿ ಯಾರಾದರೂ ಎದುರಾದರೆ ಅಲ್ಲಿಂದಲೇ ಎದ್ದು ಬನ್ನಿ.

2. ವೈದ್ಯಕೀಯ ಪರೀಕ್ಷೆ

ಇದು ಎರಡು ಮೆಟ್ಟಿಲು. ಮೊದಲು ಕ್ಲಾಸ್ 2: ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರೇ ಮಾಡಬೇಕು, ನಿಮ್ಮ ಊರಿನ ಡಾಕ್ಟರ್ ಕೊಟ್ಟ ಸರ್ಟಿಫಿಕೇಟ್ ನಡೆಯುವುದಿಲ್ಲ. ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ. ಬೆಂಗಳೂರಿಗೋ ಪುಣೆಗೋ ಒಂದು ಸಲ ಹೋಗಿಬರಲು ಸಿದ್ಧರಾಗಿರಿ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಇಸಿಜಿ, ಕಿವಿ, ಕಣ್ಣು ಎಲ್ಲ ನೋಡುತ್ತಾರೆ. ಅದು ಮುಗಿದು ಡಿಜಿಸಿಎಯಿಂದ ಕಡತ ಸಂಖ್ಯೆ ಬಂದ ಮೇಲೆ ಕ್ಲಾಸ್ 1. ಸಿಪಿಎಲ್‌ಗೆ ಬೇಕಾದದ್ದು ಇದು. ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇಂತಹ ಪರೀಕ್ಷೆ ನಡೆಸುವ ಹಳೆಯ ಕೇಂದ್ರಗಳಲ್ಲಿ ಒಂದು.

ಹೆಚ್ಚಿನ ಶಾಲೆಗಳು ಕ್ಲಾಸ್ 2 ಇದ್ದರೆ ಸೇರಿಸಿಕೊಳ್ಳುತ್ತವೆ. ನೀವು ಮಾತ್ರ ಕ್ಲಾಸ್ 1 ಕೈಗೆ ಬರುವವರೆಗೆ ದೊಡ್ಡ ಕಂತು ಕಟ್ಟಬೇಡಿ. ಕ್ಲಾಸ್ 2ರಲ್ಲಿ ಕಣ್ತಪ್ಪಿ ಹೋದದ್ದು ಕ್ಲಾಸ್ 1ರಲ್ಲಿ ಸಿಗುತ್ತದೆ. 80 ತಾಸು ಹಾರಿದ ಮೇಲೆ ಸಿಕ್ಕರೆ ಆ ರೊಕ್ಕ ಯಾರೂ ವಾಪಸ್ ಕೊಡುವುದಿಲ್ಲ.

ಬೆಂಗಳೂರಿಗೆ ಹೋಗುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಹತ್ತಿರದ ಕಣ್ಣಿನ ವೈದ್ಯರಲ್ಲಿ ಒಂದು ಕೆಲಸ ಮಾಡಿಸಿ: ಇಶಿಹಾರ ಪರೀಕ್ಷೆ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದುವ ಪುಸ್ತಕ ಅದು, ಐದು ನಿಮಿಷದ ಕೆಲಸ. ಕೆಂಪು–ಹಸಿರು ಗುರುತಿಸಲು ಬಾರದ ದೋಷ ಹುಡುಗರಲ್ಲಿ ಹೆಚ್ಚು. ಇದ್ದವರಿಗೆ ಅದು ಇದೆಯೆಂಬುದೇ ಗೊತ್ತಿರುವುದಿಲ್ಲ, ಚಿಕಿತ್ಸೆಯೂ ಇಲ್ಲ. ಕನ್ನಡಕ ಹಾಕುವವರು ಹೆದರಬೇಕಿಲ್ಲ. ಕನ್ನಡಕದೊಂದಿಗೆ ದೃಷ್ಟಿ ಸರಿಹೋಗಿ, ಉಳಿದ ಮಿತಿಯೊಳಗಿದ್ದರೆ ಸಾಕು. "ಕನ್ನಡಕ ಇದ್ದರೆ ಪೈಲಟ್ ಆಗಲಾರರು" ಎಂದು ಕೇಳಿ ಅವಸರದಲ್ಲಿ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಡಿ. ಅದಾದ ಮೇಲೆ ಕಾಯಬೇಕಾದ ಅವಧಿ ಇರುತ್ತದೆ, ಹೊಸ ತೊಡಕೂ ಸೇರಿಕೊಳ್ಳಬಹುದು.

"ತಾತ್ಕಾಲಿಕ ಅನರ್ಹ" ಎಂದು ಬರೆದು ಕೊಟ್ಟರೆ ಎದೆಗುಂದಬೇಡಿ. ರಕ್ತಹೀನತೆ, ತೂಕ, ರಕ್ತದೊತ್ತಡದಂಥವು ಸರಿಪಡಿಸಿಕೊಂಡು ಮತ್ತೆ ಹೋಗುವಂಥ ಕಾರಣಗಳು. ಯಾವುದೇ ಹಳೆಯ ಶಸ್ತ್ರಚಿಕಿತ್ಸೆ, ಕಾಯಿಲೆಯನ್ನು ಮುಚ್ಚಿಡಬೇಡಿ. ಕ್ಲಾಸ್ 1 ಪರೀಕ್ಷೆ ಪ್ರತಿವರ್ಷ ಬರುತ್ತದೆ, ಮುಂದೆಂದಾದರೂ ಹೊರಬೀಳುತ್ತದೆ.

3. ಮನೆಯಲ್ಲಿದ್ದೇ ಮುಗಿಸಬಹುದಾದ ಪರೀಕ್ಷೆಗಳು

ಲಿಖಿತ ಪರೀಕ್ಷೆಗಳು ಇವು: ಏರ್ ನ್ಯಾವಿಗೇಷನ್ ಅಂದರೆ ದಿಕ್ಕು, ದೂರ, ಗಾಳಿಯ ಲೆಕ್ಕ, ಮೀಟಿಯರಾಲಜಿ ಅಂದರೆ ಹವಾಮಾನ, ಏರ್ ರೆಗ್ಯುಲೇಷನ್ಸ್ ಅಂದರೆ ಕಾಯ್ದೆ, ನಿಯಮ, ಟೆಕ್ನಿಕಲ್ ಜನರಲ್ ಅಂದರೆ ಎಂಜಿನ್, ರೆಕ್ಕೆ, ಉಪಕರಣಗಳ ಸಾಮಾನ್ಯ ತತ್ವ, ಟೆಕ್ನಿಕಲ್ ಸ್ಪೆಸಿಫಿಕ್ ಅಂದರೆ ನೀವು ಹಾರಿಸುವ ನಿರ್ದಿಷ್ಟ ವಿಮಾನದ ವಿವರ. ಪ್ರತಿಯೊಂದರಲ್ಲೂ 70 ಅಂಕ ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇದಲ್ಲದೆ ಆರ್‌ಟಿಆರ್ ಎಂಬ ರೇಡಿಯೋ ಮಾತುಕತೆಯ ಪರೀಕ್ಷೆ ಇದೆ. ಮೊದಲು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಅದರ ಹೊಣೆ ಡಿಜಿಸಿಎಗೆ ಬಂದಿದೆ. ಹಳೆಯ ಮಾರ್ಗದರ್ಶಿ ಪುಸ್ತಕ ನೋಡಿ ಬೇರೆ ಕಚೇರಿಗೆ ಅಲೆಯಬೇಡಿ.

ಟೆಕ್ನಿಕಲ್ ಸ್ಪೆಸಿಫಿಕ್ ಬಿಟ್ಟು ಉಳಿದ ನಾಲ್ಕು ಪತ್ರಿಕೆಗಳನ್ನು ಹಾರಾಟದ ಶಾಲೆಗೆ ಸೇರುವ ಮೊದಲೇ ಬರೆಯಬಹುದು. ಕನಿಷ್ಠ ಮೂರನ್ನಾದರೂ ಪಾಸು ಮಾಡಿಕೊಂಡು ಶಾಲೆಗೆ ಹೋಗಿ ಎಂಬುದು ನಮ್ಮ ಖಚಿತ ಸಲಹೆ. ಕಾರಣ ಎರಡು. ಓದು ನಿಮಗೆ ಒಗ್ಗುತ್ತದೋ ಇಲ್ಲವೋ ಎಂಬುದು ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ. ಶಾಲೆ ಸೇರಿದ ಮೇಲೆ ಪುಸ್ತಕ ಹಿಡಿದು ಕೂತರೆ ಹಾರುವ ಪಾಳಿ ತಪ್ಪುತ್ತದೆ, ಹಾರಲು ಹೋದರೆ ಓದು ತಪ್ಪುತ್ತದೆ.

ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಗಣಿತ ಕಷ್ಟವಾಗುವುದಿಲ್ಲ, ಉದ್ದುದ್ದ ವಾಕ್ಯದ ನಿಯಮ ಕಷ್ಟವಾಗುತ್ತದೆ. ರೆಗ್ಯುಲೇಷನ್ಸ್ ಪತ್ರಿಕೆಯನ್ನು ಅದಕ್ಕೇ ಮೊದಲು ಹಿಡಿಯಿರಿ. ಭಾಷೆ ಅದರಲ್ಲೇ ಪಳಗುತ್ತದೆ. ಮುಂದೆ ಇಂಗ್ಲಿಷ್ ಮಾತಿನ ಸಾಮರ್ಥ್ಯದ ಪರೀಕ್ಷೆಯಲ್ಲಿ ಕನಿಷ್ಠ 4ನೇ ಮಟ್ಟ ಬೇಕು. ಉಚ್ಚಾರಣೆ ನಮ್ಮ ಕಡೆಯದಾಗಿದ್ದರೆ ತೊಂದರೆಯಿಲ್ಲ, ಕೇಳಿದವರಿಗೆ ಒಂದೇ ಸಲಕ್ಕೆ ತಿಳಿಯಬೇಕು. ನಿತ್ಯ ಹದಿನೈದು ನಿಮಿಷ ಗಟ್ಟಿಯಾಗಿ ಓದುವ ರೂಢಿ ಈಗಲೇ ಮಾಡಿಕೊಳ್ಳಿ.

4. ದಾರಿ ಆರಿಸುವುದು

ಈಗ ಶಾಲೆಯ ಮಾತು. ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಸರ್ಕಾರಿ ಸಂಸ್ಥೆ: ಉತ್ತರ ಪ್ರದೇಶದ ರಾಯ್‌ಬರೇಲಿ ಹತ್ತಿರ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ. ಪ್ರವೇಶ ಪರೀಕ್ಷೆ, ಸಾಮರ್ಥ್ಯ ಪರೀಕ್ಷೆ, ಸಂದರ್ಶನ ಇವೆ, ಮೀಸಲಾತಿ ಇದೆ, ಎತ್ತರ ಕನಿಷ್ಠ 158 ಸೆಂ.ಮೀ. ಬೇಕು. ಚಳಿಗಾಲದ ಮಂಜು ಅಲ್ಲಿ ಹಾರಾಟ ನಿಲ್ಲಿಸುತ್ತದೆ ಎಂಬುದು ತಿಳಿದಿರಲಿ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ.

ದೇಶದೊಳಗಿನ ಖಾಸಗಿ ಶಾಲೆ: 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಬೆಳಗಾವಿ, ಕಲಬುರಗಿ, ಜಳಗಾಂವ, ಖಜುರಾಹೊ, ಲೀಲಾಬರಿ ಈ ಐದು ನಿಲ್ದಾಣಗಳಲ್ಲಿ ಹೊಸ ಶಾಲೆಗಳಿಗೆ ಜಾಗ ಹಂಚಿತು. ಬೆಳಗಾವಿಗೆ ತರಬೇತಿ ಬಂದದ್ದು ಹೀಗೆ. ಸಿಪಿಎಲ್‌ವರೆಗಿನ ಖರ್ಚು ಸಾಮಾನ್ಯವಾಗಿ 40ರಿಂದ 55 ಲಕ್ಷ ರೂಪಾಯಿ.

ವಿದೇಶ: ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಮುಂತಾದೆಡೆ ಹವೆ ಮತ್ತು ವಿಮಾನಗಳ ಲಭ್ಯತೆಯಿಂದ ತಾಸುಗಳು ಬೇಗ ತುಂಬುತ್ತವೆ. ಆದರೆ ಅಲ್ಲಿನ ಲೈಸೆನ್ಸ್ ಇಲ್ಲಿ ನೇರ ನಡೆಯದು, ಪರಿವರ್ತನೆ ಬೇಕು: ಇಲ್ಲಿನ ಪರೀಕ್ಷೆ, ಆರ್‌ಟಿಆರ್, ಭಾರತದ ಶಾಲೆಯಲ್ಲಿ ಮತ್ತೆ ಹಾರಾಟದ ಪರೀಕ್ಷೆ. ಅದರ ಖರ್ಚು, ಅದಕ್ಕೆ ಕಾಯುವ ತಿಂಗಳುಗಳು ಜಾಹೀರಾತಿನಲ್ಲಿ ಇರುವುದಿಲ್ಲ.

ವಿಮಾನ ಕಂಪನಿಗಳ ಕೆಡೆಟ್ ಯೋಜನೆ: ಮೊದಲೇ ಆಯ್ಕೆ ಮಾಡಿ, ತಮ್ಮ ಪಾಲುದಾರ ಶಾಲೆಯಲ್ಲಿ ಕಲಿಸಿ, ದೊಡ್ಡ ವಿಮಾನದ ತರಬೇತಿಯವರೆಗೂ ಒಯ್ಯುತ್ತಾರೆ. ಖರ್ಚು ಒಂದು ಕೋಟಿಯ ಆಸುಪಾಸು. ಕೊಡುವುದು ಷರತ್ತಿನ ನೇಮಕ ಪತ್ರ. ಪ್ರತಿ ಹಂತದಲ್ಲೂ ಪಾಸಾದರೆ, ಕಂಪನಿಗೆ ಆಗ ಜನ ಬೇಕಿದ್ದರೆ ಎಂಬ ಷರತ್ತು ಒಳಗೆ ಇರುತ್ತದೆ. ಆ ಸಾಲುಗಳನ್ನು ವಕೀಲರಿಂದ ಓದಿಸಿ.

ಊರ ಹತ್ತಿರ ಇದೆಯೆಂದೇ ಬೆಳಗಾವಿ ಆರಿಸಬೇಡಿ, ದೂರ ಇದೆಯೆಂದೇ ಬಿಡಲೂ ಬೇಡಿ. ಮನೆಯಿಂದ ಓಡಾಡುವವರಿಗೆ ಹಾಸ್ಟೆಲ್ ಖರ್ಚು ಉಳಿಯುತ್ತದೆ, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ತಗ್ಗಿದ ಮೋಡ, ಮಳೆ. ವಿಜಯಪುರದವರು ತಮ್ಮೂರಿನ ಒಣ ಜುಲೈ ನೆನೆದು ಅಲ್ಲಿಯೂ ಹಾಗೇ ಎಂದುಕೊಳ್ಳುತ್ತಾರೆ. ಘಟ್ಟದ ಸೆರಗಿನ ಊರಿನ ಮಳೆಗಾಲ ಬೇರೆ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, ವಿಮಾನಕ್ಕೆ 5,500 ಅಡಿಯಲ್ಲಿ ಇದ್ದಂತೆ ಆಗುತ್ತದೆ. ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಚಿಕ್ಕ ಎಂಜಿನ್ನಿನ ವಿಮಾನ ನಿಧಾನವಾಗಿ ಏರುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಹಾರಾಟ ಹೆಚ್ಚಾಗಿ ಬೆಳಗಿನ ಹೊತ್ತಿಗೆ ಸರಿಯುತ್ತದೆ.

5. ಶಾಲೆಯನ್ನು ಅಳೆಯುವುದು ತಾಸುಗಳಿಂದ

ಸಿಪಿಎಲ್‌ಗೆ ಕನಿಷ್ಠ 200 ತಾಸು ಹಾರಿರಬೇಕು. ಅದರಲ್ಲಿ 100 ತಾಸು ಪಿಐಸಿ, ಅಂದರೆ ವಿಮಾನದ ಹೊಣೆ ಹೊತ್ತು ನೀವೇ ಹಾರಿಸಿದ್ದು. ಅದರೊಳಗೆ 50 ತಾಸು ಊರಿಂದೂರಿಗೆ ಹೋಗುವ ಕ್ರಾಸ್ ಕಂಟ್ರಿ. ಅಂಥ ಒಂದು ಹಾರಾಟ ಕನಿಷ್ಠ 300 ನಾಟಿಕಲ್ ಮೈಲು, ಅಂದರೆ ಸುಮಾರು 556 ಕಿ.ಮೀ. ಇದ್ದು, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ನಿಂತಿರಬೇಕು. ರಾತ್ರಿ ಹಾರಾಟ 5 ತಾಸು, ಹತ್ತು ಸಲ ಏರಿ ಇಳಿದು. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ, ಅಂದರೆ ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿ ಹಾರಿಸುವ ಅರ್ಹತೆಗೆ, 40 ತಾಸು; ಅದರಲ್ಲಿ 20ರವರೆಗೆ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲಿನ ಅಣಕು ಹಾರಾಟದ ಯಂತ್ರದಲ್ಲಿ, ಮಾಡಬಹುದು.

ಹೀಗಾಗಿ ನೀವು ಶಾಲೆಯಿಂದ ಕೊಳ್ಳುತ್ತಿರುವುದು ತಾಸುಗಳನ್ನು. ಕಾಲುವೆಯ ಒಂದೇ ತೂಬಿನ ಮೇಲೆ ಎಷ್ಟು ಹೊಲ ಇವೆ ಎಂದು ನೋಡದೆ ಯಾರೂ ಕಬ್ಬು ಹಚ್ಚುವುದಿಲ್ಲ; ಇಲ್ಲಿಯೂ ಅದೇ ಲೆಕ್ಕ. ಒಂದು ಶಾಲೆಯಲ್ಲಿ 8 ವಿಮಾನ ಇವೆ ಎನ್ನೋಣ. ರಿಪೇರಿಗೆ ನಿಂತವು ಬಿಟ್ಟು 6 ಹಾರುತ್ತವೆ. ಪ್ರತಿಯೊಂದು ದಿನಕ್ಕೆ 5 ತಾಸು, ತಿಂಗಳಿಗೆ 22 ದಿನ: ಒಟ್ಟು 660 ತಾಸು. ವಿದ್ಯಾರ್ಥಿಗಳು 40 ಇದ್ದರೆ ತಲೆಗೆ 16.5 ತಾಸು, ಒಂದು ವರ್ಷದ ಆಸುಪಾಸಿನಲ್ಲಿ 200 ಮುಗಿಯುತ್ತದೆ. ಅದೇ ಶಾಲೆ 80 ಜನರನ್ನು ಸೇರಿಸಿಕೊಂಡರೆ ತಲೆಗೆ ಎಂಟೂಕಾಲು ತಾಸು, ಎರಡು ವರ್ಷ. ಮಳೆಗಾಲ ಇನ್ನೂ ಲೆಕ್ಕಕ್ಕೆ ಸೇರಿಲ್ಲ.

ಆದ್ದರಿಂದ ಶಾಲೆಗೆ ಖುದ್ದಾಗಿ ಹೋಗಿ, ಎರಡು ದಿನ ಇದ್ದು ಇವನ್ನು ಕೇಳಿ: ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇವೆ? ಪೂರ್ಣಾವಧಿ ಬೋಧಕರು ಎಷ್ಟು? ಸದ್ಯ ಹಾರುತ್ತಿರುವ ವಿದ್ಯಾರ್ಥಿಗಳು ಎಷ್ಟು, ಸರದಿಯಲ್ಲಿ ಕಾಯುತ್ತಿರುವವರು ಎಷ್ಟು? ಹೋದ ಜುಲೈನಲ್ಲಿ ಒಬ್ಬೊಬ್ಬರು ಎಷ್ಟು ತಾಸು ಹಾರಿದರು? ಎರಡು ಎಂಜಿನ್ನಿನ ವಿಮಾನ ಶಾಲೆಯ ಸ್ವಂತದ್ದೇ, ಬೇರೆ ಕಡೆ ಕಳಿಸುತ್ತೀರೋ? ಕಚೇರಿಯಲ್ಲಿ ಸಿಕ್ಕ ಉತ್ತರವನ್ನು ಹಾಸ್ಟೆಲ್ ಹುಡುಗರ ಲಾಗ್‌ಬುಕ್‌ನೊಂದಿಗೆ, ಅಂದರೆ ಹಾರಿದ ತಾಸು ಬರೆದಿಡುವ ಪುಸ್ತಕದೊಂದಿಗೆ, ಹೋಲಿಸಿ. ಸೇರಿದ ದಿನಾಂಕ ಮತ್ತು ಇವತ್ತಿನವರೆಗಿನ ತಾಸು, ಈ ಎರಡೇ ಅಂಕಿ ಸಾಕು. ಹತ್ತು ತಿಂಗಳಲ್ಲಿ 60 ತಾಸು ಎಂದು ಮೂವರು ಹೇಳಿದರೆ ಹೊಳೆಯುವ ಕಟ್ಟಡ ನೋಡಿ ಮರುಳಾಗಬೇಡಿ.

ಶಾಲೆ ಡಿಜಿಸಿಎ ಅನುಮೋದಿತ ಪಟ್ಟಿಯಲ್ಲಿ ಇದೆಯೇ, ಅನುಮತಿಯ ಅವಧಿ ಎಂದಿಗೆ ಮುಗಿಯುತ್ತದೆ ನೋಡಿ. 2025ರಿಂದ ಡಿಜಿಸಿಎ ಶಾಲೆಗಳಿಗೆ ಶ್ರೇಣಿ ಕೊಟ್ಟು ಪ್ರಕಟಿಸುತ್ತಿದೆ, ಅದನ್ನೂ ಓದಿ. ನಗರಗಳಲ್ಲಿ "ಪೈಲಟ್ ಅಕಾಡೆಮಿ" ಎಂಬ ಫಲಕ ಹಾಕಿದ ಎಷ್ಟೋ ಸಂಸ್ಥೆಗಳು ಬರೀ ಲಿಖಿತ ಪರೀಕ್ಷೆಯ ಕೋಚಿಂಗ್ ಕೊಡುತ್ತವೆ, ಒಂದೂ ವಿಮಾನ ಇರುವುದಿಲ್ಲ. ಕೋಚಿಂಗ್‌ಗೆ ಹೋಗುವುದು ತಪ್ಪಲ್ಲ. ಪೂರ್ತಿ ತರಬೇತಿಯ ಮುಂಗಡ ಅಲ್ಲಿ ಕೊಡುವುದು ತಪ್ಪು.

6. ಕರಾರು, ಕಂತು, ಸಾಲ

ಕರಾರು ಪತ್ರದಲ್ಲಿ ಏನೇನು ಸೇರಿದೆ ಎಂದು ಒಂದೊಂದೇ ಬರೆಸಿಕೊಳ್ಳಿ: ಏಕ ಎಂಜಿನ್ ತಾಸು ಎಷ್ಟು, ಎರಡು ಎಂಜಿನ್ ತಾಸು ಎಷ್ಟು, ಸಿಮ್ಯುಲೇಟರ್ ಎಷ್ಟು, ಪರೀಕ್ಷಾ ಹಾರಾಟಗಳ ವೆಚ್ಚ ಯಾರದು, ಇಂಧನ ಬೆಲೆ ಏರಿದರೆ ಹೆಚ್ಚುವರಿ ಎಷ್ಟು, ಇಳಿಯುವ ಶುಲ್ಕ, ಹಾಸ್ಟೆಲ್. ಮುಖ್ಯವಾದದ್ದು ಹೆಚ್ಚುವರಿ ತಾಸಿನ ದರ. 200 ತಾಸಿಗೆ 36 ಲಕ್ಷ ಎಂದರೆ ತಾಸಿಗೆ 18,000. ಹವೆ ಕೆಟ್ಟು ಅಭ್ಯಾಸ ತಪ್ಪಿ ಮತ್ತೆ 20 ತಾಸು ಬೇಕಾದರೆ 3,60,000 ಮೇಲಿಂದ ಬೀಳುತ್ತದೆ. ಕಲಿಯುವವರಲ್ಲಿ ಎಷ್ಟೋ ಜನರಿಗೆ ಇದು ಬರುವ ಖರ್ಚೇ. ನಿಮ್ಮ ಲೆಕ್ಕದಲ್ಲಿ ಮೊದಲೇ ಹತ್ತು ಶೇಕಡಾ ತೆಗೆದಿಡಿ.

ಒಂದೇ ಗಂಟಿನಲ್ಲಿ ಕಟ್ಟಿದರೆ ರಿಯಾಯಿತಿ ಎಂದು ಹೇಳುತ್ತಾರೆ. ಒಪ್ಪಬೇಡಿ. ತಾಸುಗಳಿಗೆ ಜೋಡಿಸಿದ ಕಂತು ಕೇಳಿ: 40 ತಾಸು ಲಾಗ್‌ಬುಕ್‌ಗೆ ಬಂದ ಮೇಲೆ ಮುಂದಿನ ಕಂತು, ಹೀಗೆ ಐದು. ನಡುವೆ ಬಿಟ್ಟರೆ ಹಾರದ ತಾಸಿನ ರೊಕ್ಕ ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದು ಕಾಗದದ ಮೇಲೆ ಇರಬೇಕು. ನಗದು ಕೊಡಬೇಡಿ. ಡಿಜಿಸಿಎ ಅನುಮೋದಿತ ಶಾಲೆಯ ಅನುಮೋದಿತ ಹಾರಾಟ ಕೋರ್ಸಿಗೆ ಜಿಎಸ್‌ಟಿ ವಿನಾಯಿತಿ ಇದೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿದೆ. ಬಿಲ್ಲಿನಲ್ಲಿ 18 ಶೇಕಡಾ ಸೇರಿಸಿದ್ದರೆ ಯಾವ ಬಾಬ್ತಿಗೆ ಎಂದು ಕೇಳಿ.

ಶಿಕ್ಷಣ ಸಾಲಕ್ಕೆ ಬ್ಯಾಂಕಿಗೆ ಹೋಗುವ ರೈತ ಕುಟುಂಬಗಳಿಗೆ ಒಂದು ಮಾತು. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಬೇಕು. ಹತ್ತು ಎಕರೆ ನೀರಾವರಿ ಹೊಲ ಇದ್ದರೂ ಬ್ಯಾಂಕು ಹಿಂದೆಮುಂದೆ ನೋಡುತ್ತದೆ, ಏಕೆಂದರೆ ಸಾಲ ವಸೂಲಿಗೆ ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಎನ್‌ಎ (ಕೃಷಿಯೇತರ) ಆದ ನಿವೇಶನ, ಮನೆ, ಠೇವಣಿ ಇದ್ದರೆ ಕೆಲಸ ಸುಲಭ. ಶಾಲೆಯ ಸೀಟು ಖಾತ್ರಿ ಮಾಡುವ ಮೊದಲು ಬ್ಯಾಂಕಿನ ಮಾತು ಲಿಖಿತವಾಗಿ ತರಿಸಿಕೊಳ್ಳಿ.

ಬಡ್ಡಿಯ ಲೆಕ್ಕ ಹೀಗೆ: 40 ಲಕ್ಷಕ್ಕೆ 11 ಶೇಕಡಾ ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳಿಗೆ ಸುಮಾರು 55,000. ಪೂರ್ತಿ ಮೊತ್ತ ಮೊದಲ ದಿನವೇ ಎತ್ತಿ, ತರಬೇತಿಯ ಎರಡು ವರ್ಷ ಬಡ್ಡಿ ಕಟ್ಟದೆ ಬಿಟ್ಟರೆ ಕಂತು 67,000 ಮುಟ್ಟುತ್ತದೆ. ಕೆಲಸ ಸಿಗುವುದು ತಡವಾದರೂ ಒಂದು ವರ್ಷ ಈ ಕಂತು ಮನೆಯ ಆದಾಯದಿಂದ ಕಟ್ಟಲು ಸಾಧ್ಯವೇ ಎಂದು ಮನೆಮಂದಿ ಕೂತು ನಿರ್ಧರಿಸಿ. ಸಾಧ್ಯವಿಲ್ಲದಿದ್ದರೆ ಒಂದು ವರ್ಷ ತಡಮಾಡಿ ಪ್ರವೇಶ ಪರೀಕ್ಷೆ ಬರೆಯುವುದು, ನಾಲ್ಕು ಪತ್ರಿಕೆ ಮುಗಿಸುವುದು ಒಳ್ಳೆಯ ದಾರಿ. 18ನೇ ವಯಸ್ಸಿಗೆ ಒಂದು ವರ್ಷ ಹೋದರೆ ಏನೂ ಕಳೆಯುವುದಿಲ್ಲ.

7. ತರಬೇತಿಯ ನಡುವೆ

ಪ್ರತಿ ಹಾರಾಟ ಮುಗಿದ ದಿನವೇ ಲಾಗ್‌ಬುಕ್ ಬರೆದು ಬೋಧಕರ ಸಹಿ ಪಡೆಯಿರಿ. ಹಾರದ ತಾಸನ್ನು ಬರೆಯಲು ಯಾರೇ ಹೇಳಿದರೂ ಬರೆಯಬೇಡಿ. ಅದು ಲೈಸೆನ್ಸ್ ರದ್ದಾಗುವ ತಪ್ಪು, ಅದಕ್ಕಿಂತ ಮುಖ್ಯವಾಗಿ ಆ ತಾಸಿನ ಕಲಿಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಕೊನೆಯ ಪರೀಕ್ಷಾ ಹಾರಾಟಗಳನ್ನು ಲಿಖಿತ ಪತ್ರಿಕೆ, ಆರ್‌ಟಿಆರ್ ಎಲ್ಲ ಕೈಯಲ್ಲಿದ್ದಾಗಲೇ ಮಾಡಿ. ಆ ಹಾರಾಟಗಳಿಗೆ ಅವಧಿ ಇದೆ. ಆರ್‌ಟಿಆರ್ ಬಾಕಿ ಉಳಿದು ಆ ಅವಧಿ ಮೀರಿದರೆ ಮತ್ತೆ ಹಾರಬೇಕು, ಮತ್ತೆ ಕಟ್ಟಬೇಕು. ಈ ಒಂದು ತಪ್ಪಿನಿಂದ ಕೊನೆಯ ಮೆಟ್ಟಿಲಲ್ಲಿ ತಿಂಗಳುಗಟ್ಟಲೆ ನಿಂತವರು ಬಹಳ.

8. ಸಿಪಿಎಲ್ ಬಂದ ಮೇಲೆ

ದೊಡ್ಡ ವಿಮಾನ ಹಾರಿಸಲು ಟೈಪ್ ರೇಟಿಂಗ್ ಬೇಕು. ಏರ್‌ಬಸ್ ಎ320, ಬೋಯಿಂಗ್ 737, ಎಟಿಆರ್ ಹೀಗೆ ಒಂದೊಂದು ಮಾದರಿಗೂ ಬೇರೆ ಬೇರೆ ಅರ್ಹತೆ. ಎ320ಕ್ಕೆ ಸುಮಾರು 15ರಿಂದ 20 ಲಕ್ಷ ಹೆಚ್ಚಿಗೆ. ಸಿಪಿಎಲ್ ಬಂದ ಮರುದಿನವೇ ಸಾಲ ಮಾಡಿ ಟೈಪ್ ರೇಟಿಂಗ್‌ಗೆ ಓಡಬೇಡಿ. ಯಾವ ಕಂಪನಿ ಯಾವ ವಿಮಾನಕ್ಕೆ, ರೇಟಿಂಗ್ ಇಲ್ಲದವರನ್ನೂ ತೆಗೆದುಕೊಳ್ಳುತ್ತಿದೆಯೇ ನೋಡಿ. ಆಯ್ಕೆಯಾದ ಮೇಲೆ ಮಾಡಿಸುವ ಕಂಪನಿಗಳೂ ಇವೆ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್‌ಗೆ 1,500 ತಾಸು ಬೇಕು, ಅದು ಕೆಲಸದಲ್ಲಿದ್ದೇ ತುಂಬುತ್ತದೆ.

ಸಿಪಿಎಲ್ ಅವಧಿಯನ್ನು 2023ರಲ್ಲಿ ಐದರಿಂದ ಹತ್ತು ವರ್ಷಕ್ಕೆ ಏರಿಸಿದ್ದಾರೆ. ಆದರೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಮತ್ತು ಕ್ಲಾಸ್ 1 ವೈದ್ಯಕೀಯ ಎರಡೂ ವರ್ಷವರ್ಷ ನವೀಕರಿಸಬೇಕು. ಸಂದರ್ಶನದ ಕರೆ ಬಂದಾಗ ಇವೆರಡರಲ್ಲಿ ಒಂದು ಮುಗಿದಿದ್ದರೂ ಒಳಗೆ ಬಿಡುವುದಿಲ್ಲ. ನವೀಕರಣಕ್ಕೆ ಬೇಕಾದ ಕೆಲವು ತಾಸಿನ ರೊಕ್ಕ ಬೇರೆಯಾಗಿ ಇಟ್ಟಿರಿ, ಎರಡರ ಮುಕ್ತಾಯದ ದಿನಾಂಕ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಎರಡು ತಿಂಗಳು ಮೊದಲೇ ಸಮಯ ಕಾಯ್ದಿರಿಸಿ.